ಸೋಯಾ ಚಂಕ್ಸ್: ಹಿಂಡುವುದರಲ್ಲೇ ಇದೆ ರುಚಿ

ಹಾಲು, ಮೊಸರು, ಪನೀರ್ ಬಿಟ್ಟವರ ಊಟದಲ್ಲಿ ಪ್ರೋಟೀನ್ ತುಂಬಿಸಲು ದಿನಸಿ ಅಂಗಡಿಯಲ್ಲಿ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುವುದು ಸೋಯಾ ಚಂಕ್ಸ್. ಬಹಳ ಮನೆಗಳಲ್ಲಿ ಇದಕ್ಕೆ ಮೀಲ್ ಮೇಕರ್ ಅಂತಲೇ ಹೆಸರು. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಅಚ್ಚಿನಿಂದ ಹೊರಕ್ಕೆ ತಳ್ಳಿದಾಗ ಅದು ಹೀಗೆ ಸ್ಪಂಜಿನಂತೆ ಉಬ್ಬುತ್ತದೆ.

ಪ್ಯಾಕೆಟ್ ಮೇಲೆ 100 ಗ್ರಾಂಗೆ 52 ಗ್ರಾಂ ಪ್ರೋಟೀನ್ ಎಂದಿರುತ್ತದೆ. ಸುಳ್ಳಲ್ಲ, ಆದರೆ ಅದು ಒಣ ತೂಕದ ಲೆಕ್ಕ. ನೆನೆಸಿ ಹಿಂಡಿದ ಮೇಲೆ ತೂಕ ಸುಮಾರು ಮೂರು ಪಟ್ಟಾಗುತ್ತದೆ, ಬೆಂದ 100 ಗ್ರಾಂನಲ್ಲಿ ಉಳಿಯುವುದು 17 ಗ್ರಾಂ ಆಸುಪಾಸು. ಅದಕ್ಕೇ ಒಣದನ್ನೇ ತೂಗಿ. ಒಬ್ಬರಿಗೆ 40 ಗ್ರಾಂ ಹಾಕಿದರೆ 20 ಗ್ರಾಂ ಪ್ರೋಟೀನ್ ಸಿಕ್ಕಿತು. ಅರ್ಧ ಲೀಟರ್ ಹಾಲಿನಲ್ಲಿ ಇರುವುದಕ್ಕಿಂತ ಹೆಚ್ಚೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ದಿನಕ್ಕೆ ಹೇಳಿದ ಪ್ರೋಟೀನ್ ಪ್ರಮಾಣ ಒಂದು ಕೆಜಿ ದೇಹತೂಕಕ್ಕೆ 0.83 ಗ್ರಾಂ, ಅಂದರೆ 60 ಕೆಜಿ ಇರುವವರಿಗೆ ದಿನಕ್ಕೆ 50 ಗ್ರಾಂ. ಮಿಕ್ಕ 30 ಗ್ರಾಂ ಬೇಳೆ, ಹುರುಳಿಕಾಳು, ಕಡಲೆಬೀಜ, ರಾಗಿ, ಅಕ್ಕಿಯಿಂದ ಬರಲಿ. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲೊಂದಾದ ಮೆಥಿಯೊನಿನ್ ಸೋಯಾದಲ್ಲಿ ಕಡಿಮೆ, ರಾಗಿಯಲ್ಲಿ ಚೆನ್ನಾಗಿದೆ. ಹಾಗಾಗಿ ಮುದ್ದೆಗೆ ಇದರ ಸಾರು ಒಳ್ಳೆಯ ಜೋಡಿ.

ಹೆಚ್ಚಿನವರು ಒಂದು ಸಲ ಮಾಡಿ ಬಿಟ್ಟುಬಿಡುವುದು ಹಸಿ ವಾಸನೆಯಿಂದ. ಆ ವಾಸನೆ ನೆನೆಸಿದ ನೀರಿನ ಜೊತೆ ಹೋಗಬೇಕು. 40 ಗ್ರಾಂಗೆ ಒಂದು ಲೀಟರ್ ನೀರು ಕುದಿಸಿ, ಅರ್ಧ ಚಮಚ ಉಪ್ಪು ಹಾಕಿ, ಚಂಕ್ಸ್ ಐದು ನಿಮಿಷ ಬೇಯಿಸಿ, ಹತ್ತು ನಿಮಿಷ ಮುಚ್ಚಿಡಿ. ಒಂದನ್ನು ಕತ್ತರಿಸಿ ನೋಡಿ: ನಡುವೆ ಗಟ್ಟಿ ಚುಕ್ಕೆ ಕಂಡರೆ ಇನ್ನೂ ನೆನೆಯಬೇಕು. ನೀರು ಬಸಿದು, ತಣ್ಣೀರಲ್ಲಿ ಅದ್ದಿ ಎರಡು ಅಂಗೈ ನಡುವೆ ಒತ್ತಿದರೆ ನೊರೆ ನೊರೆಯಾಗಿ ಹಳದಿ ನೀರು ಇಳಿಯುತ್ತದೆ. ಇನ್ನೆರಡು ಸಲ ಹೀಗೇ ಮಾಡಿ, ನೀರು ತಿಳಿಯಾಗುವವರೆಗೆ. ಹೊಟ್ಟೆ ಉಬ್ಬರಿಸುವ ಸಕ್ಕರೆಗಳೂ ಸ್ವಲ್ಪ ಇದೇ ನೀರಿನಲ್ಲಿ ಹೋಗುತ್ತವೆ, ಆ ನೀರನ್ನು ಸಾರಿಗೆ ಬಳಸಬೇಡಿ. ಆಮೇಲೆ ಎರಡು ಚಮಚ ಎಣ್ಣೆಯಲ್ಲಿ ಅಂಚು ಕೆಂಪಾಗುವಷ್ಟು ಹುರಿದು ಮಸಾಲೆಗೆ ಹಾಕಿ. ಚೆನ್ನಾಗಿ ಹಿಂಡಿದ ಚಂಕ್ಸ್ ಮಾತ್ರ ಮಸಾಲೆ ಹೀರುತ್ತದೆ. ನೀರು ತುಂಬಿದ್ದು ಒಳಗೆ ಸಪ್ಪೆಯಾಗೇ ಇರುತ್ತದೆ. ಪಲಾವ್‌ಗೆ ಒಣದನ್ನೇ ಹಾಕಿದರಂತೂ ಅಕ್ಕಿಗೆ ಅಳೆದ ನೀರನ್ನು ಅದೇ ಕುಡಿದು ಅನ್ನ ಅರೆಬೇಯುತ್ತದೆ, ತಳ ಹಿಡಿಯುತ್ತದೆ.

ದೊಡ್ಡ ಉಂಡೆಗಿಂತ ಮಿನಿ ಚಂಕ್ಸ್ ಮೇಲು, ಬೇಗ ನೆನೆಯುತ್ತದೆ, ಹಿಂಡಲು ಸುಲಭ. ಪಲ್ಯಕ್ಕೆ, ಉಪ್ಪಿಟ್ಟಿಗೆ ಗ್ರ್ಯಾನ್ಯೂಲ್ಸ್ (ತರಿಯಂತೆ ಪುಡಿಯಾದ ಸೋಯಾ) ತನ್ನಿ. ಅದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು. ಬಿಡಿಯಾಗಿ ತೂಗಿ ಕೊಡುವುದರಲ್ಲಿ ತಯಾರಾದ ದಿನಾಂಕ ತಿಳಿಯದು, ಕಮಟು ವಾಸನೆ ಬಂದರೆ ಬಿಟ್ಟುಬಿಡಿ.

ವಿಟಮಿನ್ ಬಿ12 ಇದರಲ್ಲಿಲ್ಲ, ಪ್ರಾಣಿಮೂಲದ ಏನನ್ನೂ ತಿನ್ನದ ವೀಗನ್‌ಗಳು ಅದನ್ನು ಮಾತ್ರೆಯಿಂದಲೋ ಬಿ12 ಸೇರಿಸಿದ ಆಹಾರದಿಂದಲೋ ಪಡೆಯಲೇಬೇಕು. ಕಬ್ಬಿಣಾಂಶ ಇದ್ದರೂ ಸೋಯಾದಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ದೇಹಕ್ಕೆ ಪೂರ್ತಿ ಸೇರದಂತೆ ಹಿಡಿದಿಟ್ಟುಕೊಳ್ಳುತ್ತದೆ, ಬಡಿಸುವಾಗ ಮೇಲೆ ನಿಂಬೆಹಣ್ಣು ಹಿಂಡಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರು ಇದನ್ನು ತಿಂಡಿಗೆ ಬೇಡ, ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಮಾತ್ರೆ ರಕ್ತಕ್ಕೆ ಸೇರುವುದನ್ನು ಸೋಯಾ ಕಡಿಮೆ ಮಾಡಬಹುದು.