ಹಳೇ ಬ್ರೌಸರ್‌ಗೆ ಪಾಲಿಫಿಲ್ ಹಾಕೋದಾ, ಪುಟವನ್ನೇ ಸರಳವಾಗಿ ಕಟ್ಟೋದಾ?

ಮಂಡ್ಯದ ಸೈಬರ್ ಸೆಂಟರ್‌ನಲ್ಲಿ ವಿಂಡೋಸ್ 7 ಕಂಪ್ಯೂಟರ್ ಎದುರಾದರೆ, ಅದರಲ್ಲಿ ಕ್ರೋಮ್ 109ಕ್ಕಿಂತ ಮುಂದೆ ಹೋಗುವುದಿಲ್ಲ. ಆ ಆವೃತ್ತಿ ಬಂದದ್ದು 2023ರ ಜನವರಿಯಲ್ಲಿ. ರೈತರ ಅರ್ಜಿ ತುಂಬುವ ಪುಟ ಮಾಡುವವರು ಇದನ್ನು ಮರೆಯುವ ಹಾಗಿಲ್ಲ.

ಮೊದಲ ದಾರಿ ಬೇಬಲ್ (ಹೊಸ ಕೋಡನ್ನು ಹಳೇ ರೂಪಕ್ಕೆ ಬದಲಿಸುವ ಸಾಧನ) ಮತ್ತು ಪಾಲಿಫಿಲ್ (ಹಳೇ ಬ್ರೌಸರ್‌ನಲ್ಲಿ ಇಲ್ಲದ ಸೌಲಭ್ಯವನ್ನು ತುಂಬಿಕೊಡುವ ಕೋಡ್). ಹೊಸ ಜಾವಾಸ್ಕ್ರಿಪ್ಟ್ ಆರಾಮಾಗಿ ಬರೆಯಬಹುದು. ಆದರೆ ಬೇಬಲ್ ತಾನಾಗಿ ಬದಲಿಸುವುದು ಬರವಣಿಗೆಯ ರೂಪವನ್ನು ಮಾತ್ರ. ಬ್ರೌಸರ್‌ನಲ್ಲೇ ಇಲ್ಲದ ಸೌಲಭ್ಯವನ್ನು ಅದು ಸೇರಿಸಲ್ಲ. ಉದಾಹರಣೆಗೆ, ಪಟ್ಟಿಯನ್ನು ಕ್ರಮವಾಗಿ ಜೋಡಿಸುವ 'ಟೂಸಾರ್ಟೆಡ್' ಎಂಬ ಸೌಲಭ್ಯ ಕ್ರೋಮ್ 110ರಲ್ಲಿ ಬಂತು. ಪಾಲಿಫಿಲ್ ಸೇರಿಸದಿದ್ದರೆ 109ರಲ್ಲಿ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ತಾಲ್ಲೂಕು, ಹೋಬಳಿ ಪಟ್ಟಿ ಖಾಲಿ. ಸಲ್ಲಿಸುವ ಬಟನ್ ಒತ್ತಿದರೂ ಏನೂ ಆಗಲ್ಲ. ಕಾದು ಕೂತವರಿಗೆ ಎಷ್ಟು ಬೇಸರ, ಅಲ್ವಾ? ಪಾಲಿಫಿಲ್ ಹೆಚ್ಚಿದಷ್ಟೂ ಫೈಲ್ ತೂಕವೂ ಜಾಸ್ತಿ.

ಎರಡನೆಯದು, ಸಾದಾ ಎಚ್‌ಟಿಎಂಎಲ್ ಫಾರಂ. ಸ್ಕ್ರಿಪ್ಟ್ ಕೆಟ್ಟರೂ ಅರ್ಜಿ ಹೋಗುತ್ತದೆ. ಪುಟದ ನೋಟ ನಿರ್ಧರಿಸುವ ಸಿಎಸ್‌ಎಸ್‌ನ ಹೊಸ ಅಂದವನ್ನು 'ಸಪೋರ್ಟ್ಸ್' ನಿಯಮದೊಳಗೆ ಇಟ್ಟರೆ ಅರ್ಥವಾಗುವ ಬ್ರೌಸರ್ ಮಾತ್ರ ತೆಗೆದುಕೊಳ್ಳುತ್ತದೆ. ಸರ್ವರ್ ಕಡೆ ಕೆಲಸ ಸ್ವಲ್ಪ ಹೆಚ್ಚು.

ಅರ್ಜಿ, ಬಿಲ್ಲು, ಫಲಿತಾಂಶದ ಪುಟಗಳಿಗೆ ನನ್ನ ಆಯ್ಕೆ ಖಂಡಿತ ಎರಡನೆಯದೇ. ಮೈಸೂರಿನ ಕಚೇರಿಯೊಳಗೆ ದಿನವಿಡೀ ಬಳಸುವ, ಚಾರ್ಟ್ ತುಂಬಿದ ಪುಟವಾದರೆ ಮೊದಲನೆಯದು ಸರಿ. ಆಗ ಬ್ರೌಸರ್ಸ್‌ಲಿಸ್ಟ್‌ನಲ್ಲಿ (ಯಾವ ಬ್ರೌಸರ್‌ಗಳಿಗೆ ಕೋಡ್ ತಯಾರಾಗಬೇಕು ಎಂದು ಬೇಬಲ್‌ಗೆ ಹೇಳುವ ಪಟ್ಟಿ) ಕ್ರೋಮ್ 109 ಅಂತ ಸ್ಪಷ್ಟವಾಗಿ ಬರೆಯಿರಿ. 2022ರ ಜೂನ್‌ನಲ್ಲೇ ನಿವೃತ್ತಿಯಾದ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಸುಮ್ನೆ ಕೋಡ್ ಹೊರಿಸಬೇಡಿ.