ಹಳೇ ಕಾಸ್ಟ್ ಐರನ್ ಬುಲೆಟ್‌ಗೆ ಹೊಸ ಟ್ಯಾಪೆಟ್, ಹೊಸ ಕ್ಯಾಮ್: ಕೆಲವು ವರ್ಷ ಓಡಿಸಿದ ಮೇಲೆ

ಮೊದಲು ನನ್ನ ತೀರ್ಪು ಹೇಳಿಬಿಡುತ್ತೇನೆ. ಟ್ಯಾಪೆಟ್ (ಇಂಜಿನ್ ಒಳಗೆ ವಾಲ್ವ್ ತೆರೆಸುವ ಸಣ್ಣ ಉಕ್ಕಿನ ತುಂಡು) ಸೆಟ್ ಮಾಡಿಸಿದ ಸ್ವಲ್ಪ ದಿನಕ್ಕೇ ಮತ್ತೆ ಕಟಕಟ ಶುರುವಾದರೆ ಇನ್ನೊಂದು ಸಲ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಟ್ಯಾಪೆಟ್ ಬದಲಿಸಿ. ಜೊತೆಗೇ ಅದನ್ನು ಎತ್ತುವ ಕ್ಯಾಮ್ ಕೂಡ ಬದಲಿಸಿ. ಖರ್ಚು ಜಾಸ್ತಿ, ಆದರೆ ಒಂದೇ ಸಲ.

ನನ್ನದು 350 ಸಿಸಿಯ ಕಾಸ್ಟ್ ಐರನ್ (ಎರಕದ ಕಬ್ಬಿಣದ ಸಿಲಿಂಡರ್ ಇರುವ) ಇಂಜಿನ್. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇದ್ದ ಕಾಲದ ಗಾಡಿ. ದಿನಾ ತುಮಕೂರಿನೊಳಗೇ ಓಡಾಟ, ಆಗಾಗ ಗುಬ್ಬಿ, ತಿಪಟೂರು, ರಜೆ ಸಿಕ್ಕರೆ ದೇವರಾಯನದುರ್ಗ. ಆಮೇಲೆ ಬಂದ ಯುಸಿಇ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನೊಳಗಿರುವ) ಇಂಜಿನ್ ಇರುವವರು ಇದನ್ನು ಓದುವ ಅಗತ್ಯವಿಲ್ಲ. ಅದರಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಟ್ಯಾಪೆಟ್ ಇದೆ, ಭಾಗಗಳ ನಡುವಿನ ಗ್ಯಾಪ್ ತಾನೇ ಸರಿಮಾಡಿಕೊಳ್ಳುತ್ತದೆ. ನಮಗೆ ಆ ಭಾಗ್ಯವಿಲ್ಲ.

ನಮ್ಮ ಇಂಜಿನ್‌ನಲ್ಲಿ ಕ್ಯಾಮ್ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡ್ ಎಂಬ ಉದ್ದನೆಯ ಸರಳನ್ನು ಎತ್ತುತ್ತದೆ, ಅದು ಮೇಲಿನ ರಾಕರ್ (ಸಣ್ಣ ಸನ್ನೆಗೋಲು) ತಳ್ಳಿ ವಾಲ್ವ್ ತೆರೆಯುತ್ತದೆ. ಗ್ಯಾಪ್ ಸೆಟ್ ಮಾಡುವ ಅಡ್ಜಸ್ಟರ್ ಸ್ಕ್ರೂ, ಅದನ್ನು ಬಿಗಿಹಿಡಿಯುವ ಲಾಕ್‌ನಟ್ ಇರುವುದು ಪುಶ್‌ರಾಡ್‌ನ ಕೆಳತುದಿಯಲ್ಲಿ. ಬಲಗಡೆ ಸಿಲಿಂಡರ್ ಪಕ್ಕದ ಸಣ್ಣ ಕವರ್ ತೆಗೆದರೆ ಕಾಣುತ್ತದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್ ಬೇಕಿಲ್ಲ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್‌ನಲ್ಲಿ (ಎರಡೂ ವಾಲ್ವ್ ಮುಚ್ಚಿರುವಾಗ) ಮೇಲಕ್ಕೆ ಬಂದು ನಿಂತಿರಬೇಕು. ಆಗ ಪುಶ್‌ರಾಡ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಅಷ್ಟೇ ಲೆಕ್ಕ.

ನನ್ನ ಗಾಡಿಯಲ್ಲಿ ಈ ಲೆಕ್ಕ ಪ್ರತಿ ಸಲ ಸರಿಯಾಗೇ ಬರುತ್ತಿತ್ತು. ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ ಒಳಗೆ ಕೂತವರೆಲ್ಲ ತಿರುಗಿ ನೋಡುವಷ್ಟು. ಹೋದ ಗ್ಯಾರೇಜಿನಲ್ಲೆಲ್ಲ ಒಂದೇ ಮಾತು: "ಸ್ವಲ್ಪ ಟೈಟ್ ಮಾಡ್ಕೊಡ್ತೀನಿ ಸಾರ್, ಸೈಲೆಂಟ್ ಆಗುತ್ತೆ." ಇದಕ್ಕೆ ಮಾತ್ರ ಒಪ್ಪಬೇಡಿ. ಬಿಗಿ ಮಾಡಿದರೆ ಸದ್ದು ಹೋಗುತ್ತದೆ ನಿಜ, ಆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ವಾಲ್ವ್‌ನ ಬಿಸಿ ಇಳಿದು ಹೋಗುವುದು ಅದು ಮುಚ್ಚಿ ತನ್ನ ಸೀಟಿನ (ಇಂಜಿನ್ ಹೆಡ್‌ನಲ್ಲಿ ಅದು ಕೂರುವ ಅಂಚಿನ) ಮೇಲೆ ಕೂತಾಗ. ಕೂರದಿದ್ದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಡುತ್ತದೆ. ಕಂಪ್ರೆಷನ್ ಹೋಗಿ, ಕಿಕ್ಕರ್ ಒತ್ತಿದರೆ ಕಾಲಿಗೆ ಏನೂ ಎದುರೇ ಸಿಗುವುದಿಲ್ಲ. ಆಮೇಲೆ ಇಂಜಿನ್ ಹೆಡ್ ಬಿಚ್ಚಿ ಮಾಡುವ ಕೆಲಸ.

ಕೊನೆಗೆ ಹಳೇ ಬುಲೆಟ್ ಕೆಲಸ ಗೊತ್ತಿರುವ ಒಬ್ಬರು ಭಾಯ್ ಕ್ಯಾಮ್ ಮುಚ್ಚಿರುವ ಟೈಮಿಂಗ್ ಕವರ್ ಬಿಚ್ಚಿ, ಟ್ಯಾಪೆಟ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಕ್ಯಾಮ್ ಮೇಲೆ ಉಜ್ಜುವ ತಳ ಕನ್ನಡಿ ಥರ ಇರಬೇಕು. ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿತ್ತು, ಒಂದು ಅಂಚಿನಲ್ಲಿ ಮೇಲ್ಪದರ ಚಕ್ಕೆ ಎದ್ದಿತ್ತು. ಲಾಕ್‌ನಟ್ಟಿನ ಮೂಲೆಗಳಂತೂ ಸಿಕ್ಕಸಿಕ್ಕ ಸ್ಪ್ಯಾನರ್ ಹಾಕಿ ಹಾಕಿ ದುಂಡಗಾಗಿದ್ದವು. "ಎಷ್ಟ್ ತಿರುಗ್ಸಿದ್ರೂ ಅಷ್ಟೇ ಸಾರ್, ತಳಾನೇ ಹೋಗಿದೆ" ಅಂದರು. ಕ್ಯಾಮ್‌ನ ಮೂಗೂ (ಟ್ಯಾಪೆಟ್ ಎತ್ತುವ ಉಬ್ಬೂ) ಹಾಗೇ ಇತ್ತು. ಆಗ ಗೊತ್ತಾಯಿತು ಯಾಕೆ ಹೀಗೆ ಅಂತ. ನಾವು ಸೆಟ್ ಮಾಡುವುದು ಟ್ಯಾಪೆಟ್ ಕ್ಯಾಮ್‌ನ ದುಂಡು ಬೆನ್ನಿನ ಮೇಲೆ ಕೂತಾಗ. ಸವೆಯುವುದು ಮೂಗು. ಬೆರಳಿಗೆ ಎಲ್ಲಾ ಸರಿ ಅನಿಸುತ್ತದೆ, ಓಡುವಾಗ ಬಡಿಯುತ್ತದೆ. ಮೂಗು ಸವೆದರೆ ವಾಲ್ವ್ ಏಳುವುದೂ ಕಡಿಮೆ. ದೇವರಾಯನದುರ್ಗದ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿದ್ದದ್ದು ಅದಕ್ಕೇ.

ಆವತ್ತು ಸಿಕ್ಕಿದ್ದು ಹೆಸರಿಲ್ಲದ ಪೊಟ್ಟಣದ ಅಗ್ಗದ ಟ್ಯಾಪೆಟ್. ಕ್ಯಾಮ್ ಸಿಗಲಿಲ್ಲ, ಹಳೆಯದರ ಮೇಲೇ ಕೂರಿಸಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಮತ್ತೆ ಅದೇ ರಾಗ. ಬಿಚ್ಚಿ ನೋಡಿದರೆ ಹೊಸ ತಳದಲ್ಲೂ ತಗ್ಗು. ಭಾಯ್ ಅದರ ಅಂಚಿಗೆ ಸಣ್ಣ ಅರ ಉಜ್ಜಿ ತೋರಿಸಿದರು. ಚೆನ್ನಾಗಿ ಹಾರ್ಡನಿಂಗ್ ಆದ ಉಕ್ಕಿನ ಮೇಲೆ ಅರ ಜಾರುತ್ತದೆ. ಇದರಲ್ಲಿ ಗರಗರ ಅಂತ ಪುಡಿ ಉದುರಿತು.

ಎರಡನೇ ಸಲ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ ಒಳ್ಳೆಯ ಟ್ಯಾಪೆಟ್, ಅಡ್ಜಸ್ಟರ್, ಲಾಕ್‌ನಟ್, ಎರಡು ಕ್ಯಾಮ್ ಎಲ್ಲಾ ತಂದೆ. ಬೆಲೆ ಅಗ್ಗದ್ದಕ್ಕಿಂತ ದುಪ್ಪಟ್ಟಿಗೂ ಮೇಲೆ. ಕ್ಯಾಮ್ ಗೇರುಗಳ ಚುಕ್ಕೆ ಗುರುತು ಒಂದಕ್ಕೊಂದು ಸೇರಿಸಿ, ತಳಕ್ಕೂ ಮೂಗಿಗೂ ಎಣ್ಣೆ ಬಳಿದು ಕೂರಿಸಿದರು. ಎಣ್ಣೆ ಬಳಿಯದೆ ಒಣಗಿದ್ದಂತೆ ಜೋಡಿಸಿದರೆ ಮೊದಲ ಕಿಕ್ಕಿಗೇ ಸವೆತ ಶುರು. ಮೊದಲ 500 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಇನ್ನೊಮ್ಮೆ ಗ್ಯಾಪ್ ನೋಡಿಸಿದೆ. ಸ್ವಲ್ಪ ಸಡಿಲವಾಗಿತ್ತು. ಹೊಸದರಲ್ಲಿ ಅದು ಸಹಜ.

ಅಲ್ಲಿಂದ ಇಲ್ಲಿಯವರೆಗೆ ಸೆಟ್ಟಿಂಗ್ ನಿಂತಿದೆ. ಆಯಿಲ್ ಬದಲಿಸುವಾಗ ಕವರ್ ತೆಗೆದು ನೋಡುತ್ತೇನೆ, ಹೆಚ್ಚಿನ ಸಲ ಮುಟ್ಟುವ ಕೆಲಸವೇ ಇರುವುದಿಲ್ಲ. ಹಾಕುವುದು 20ಡಬ್ಲ್ಯು-50 ದರ್ಜೆಯ ಆಯಿಲ್, ಬದಲಿಸುವುದನ್ನು ಮುಂದೂಡುವುದಿಲ್ಲ. ಗಾಡಿ ಏರು ಹತ್ತುವ ರೀತಿಯೇ ಬೇರೆ ಆಗಿದೆ. ಪೂರ್ತಿ ಸೈಲೆಂಟ್ ಆಗಿದೆಯಾ ಅಂದರೆ ಇಲ್ಲ. ಸಣ್ಣಗೆ ಟಿಕ್ ಟಿಕ್ ಇದೆ. ಈ ಇಂಜಿನ್‌ಗೆ ಅಷ್ಟು ಇರಲಿ ಬಿಡಿ, ನನಗೆ ಅದೇ ಧೈರ್ಯ.

ಇನ್ನು ತೊಂದರೆಗಳು. ಕವರ್ ಪದೇ ಪದೇ ತೆಗೆದರೆ ಪ್ಯಾಕಿಂಗ್‌ನಿಂದ ಎಣ್ಣೆ ಜಿನುಗುತ್ತದೆ, ಒಂದು ಹೊಸ ಪ್ಯಾಕಿಂಗ್ ಮನೆಯಲ್ಲಿ ಇಟ್ಟುಕೊಳ್ಳಿ. ತೆಳು ಸ್ಪ್ಯಾನರ್ ಇಲ್ಲದವರ ಕೈಗೆ ಗಾಡಿ ಕೊಡಬೇಡಿ, ಲಾಕ್‌ನಟ್ ಹಾಳಾಗುತ್ತದೆ. ಟ್ಯಾಪೆಟ್ ಮೇಲೆ ಕೆಳಗೆ ಆಡುವ ಕೊಳವೆ, ಅಂದರೆ ಟ್ಯಾಪೆಟ್ ಗೈಡ್, ನಾನು ಬದಲಿಸಿಲ್ಲ. ಅದಕ್ಕೆ ಸಿಲಿಂಡರ್ ಎತ್ತಬೇಕು, ಮುಂದೆ ಸಿಲಿಂಡರ್ ಒಳಭಾಗ ಕೊರೆಸಿ ಬೋರ್ ಮಾಡಿಸುವಾಗ ನೋಡೋಣ ಅಂತ ಬಿಟ್ಟಿದ್ದೇನೆ. ನಿಮ್ಮ ಗೈಡಿನಲ್ಲಿ ಟ್ಯಾಪೆಟ್ ಅಕ್ಕಪಕ್ಕ ಅಲುಗಾಡಿದರೆ ನನ್ನ ಹಾಗೆ ಬಿಡಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಸಾಮಾನಿಗಲ್ಲ, ನಾಳೆ ಬಾ ನಾಳೆ ಬಾ ಅಂತ ಗ್ಯಾರೇಜಿನಲ್ಲಿ ಕಾಯಿಸಿದ್ದಕ್ಕೆ.