ಚರಣ್‌ಜಿತ್ ಸಿಂಗ್ ಅವರ ಹತ್ತು ರಾಗ: ಹಳೇ ಎಲ್‌ಪಿ, ಹೊಸ ಎಲ್‌ಪಿ, ಫೋನ್

‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ನನಗೆ ತುಂಬ ಇಷ್ಟದ ಆಲ್ಬಮ್. ಮುಂಬೈ ಸಿನಿಮಾ ಹಾಡುಗಳಿಗೆ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಇದನ್ನು ಮಾಡಿದರು. ರಾಗಕ್ಕೆ ಜುಪಿಟರ್-8, ಬೇಸ್‌ಗೆ, ಅಂದರೆ ಕೆಳಗಿನ ದಪ್ಪ ಸ್ವರಗಳಿಗೆ, ಟಿಬಿ-303, ತಾಳಕ್ಕೆ ಟಿಆರ್-808. ಆಗ ಕೇಳಿದವರು ಕಡಿಮೆ. 2010ರಲ್ಲಿ ಬಾಂಬೆ ಕನೆಕ್ಷನ್ ಎಂಬ ಡಚ್ ಸಂಸ್ಥೆ ಮತ್ತೆ ಹೊರತಂದ ಮೇಲೆ, ಚಿಕಾಗೋದ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತಕ್ಕಿಂತ ಮೊದಲೇ ಇಲ್ಲಿ ಇಂಥ ಸಂಗೀತ ಇತ್ತಾ ಅಂತ ಜನ ಬೆರಗಾದರು.

ಆ ಮರುಮುದ್ರಣದ ಎಲ್‌ಪಿ (ದೊಡ್ಡ ಗ್ರಾಮಫೋನ್ ಪ್ಲೇಟು) ನನ್ನ ಹತ್ತಿರ ಇದೆ. ಗೆಳೆಯರೊಬ್ಬರು ತಮ್ಮ ಬಳಿಯಿದ್ದ ಮೊದಲ ಮುದ್ರಣದ ಹಳೇ ಪ್ರತಿಯನ್ನು ಒಂದು ವಾರಕ್ಕೆ ಕೊಟ್ಟರು. ಒಂದೇ ಪ್ಲೇಯರ್, ಅದೇ ಸ್ಪೀಕರ್. ಭೂಪಾಲಿ ಮತ್ತು ಮಾಲ್ಕೌಂಸ್ ಆರಿಸಿಕೊಂಡೆ. ನಮ್ಮ ಮೋಹನ, ಹಿಂದೋಳ ತಾನೇ? ಕಿವಿಗೆ ಚೆನ್ನಾಗಿ ಪರಿಚಯ.

ಮೊದಲು ಫೋನಿನಲ್ಲಿ ಕೇಳಿದ ಮಾತು. ಅದರ ಸ್ಪೀಕರಿನಲ್ಲಿ ಸ್ವರ ಸ್ಪಷ್ಟ, ಬೇಸ್ ಮಾತ್ರ ಮಾಯ. 303 ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೇ ಇದರ ಜೀವ. ಅದು ಕೇಳಿಸದಿದ್ದರೆ ಉಳಿಯುವುದು ಬರೀ ಟಿಕ್ ಟಿಕ್.

ಹಳೇ ಎಲ್‌ಪಿ ಮೇಲೆ ಆಸೆ ಜಾಸ್ತಿ ಇತ್ತು. ಆದರೆ ಹತ್ತು ರಾಗವೂ ಒಂದೇ ಪ್ಲೇಟಿನಲ್ಲಿವೆ, ಒಂದೊಂದು ಮಗ್ಗುಲಿಗೆ ಸುಮಾರು 25 ನಿಮಿಷ. ಅಷ್ಟು ಹೊತ್ತಿನದು ಹಿಡಿಸಬೇಕಾದರೆ ಪ್ಲೇಟಿನ ಮೇಲೆ ಮುಳ್ಳು ಓಡುವ ಗೆರೆಗಳು ಒತ್ತೊತ್ತಾಗಿ ಬರಬೇಕು. ಬೇಸ್‌ಗೆ ಗೆರೆ ಅಗಲವಾಗಿ ಓಲಾಡಬೇಕು, ಅದಕ್ಕೆ ಜಾಗವಿಲ್ಲ. ಹಾಗಾಗಿ ಒಟ್ಟು ಸದ್ದೇ ಕಡಿಮೆ. ವಾಲ್ಯೂಮ್ ಏರಿಸಿದರೆ ಚರಪರ ಸದ್ದೂ ಏರುತ್ತದೆ.

ಹೊಸದರಲ್ಲಿ ಅದೇ ಸಂಗೀತ ಎರಡು ಪ್ಲೇಟುಗಳಿಗೆ ಹರಡಿಕೊಂಡಿದೆ. ಮಾಲ್ಕೌಂಸ್ ಹಾಕಿದ ಕೂಡಲೇ ವ್ಯತ್ಯಾಸ ಗೊತ್ತಾಯಿತು. ಬೇಸ್ ಉರುಳುತ್ತಾ ಬಂದು ಎದೆಗೆ ತಾಕುತ್ತದೆ. 808ರ ಪೆಟ್ಟು ಅದರಿಂದ ಬೇರೆಯಾಗಿ ನಿಲ್ಲುತ್ತದೆ. ಮೇಲೆ ಜುಪಿಟರ್ ಸಲೀಸಾಗಿ ಹಾಡುತ್ತದೆ. ನಾನು ಸುಮ್ನೆ ಕೂತು ಮೂರು ಸಲ ಕೇಳಿದೆ.

ಒಂದು ವಿಷಯದಲ್ಲಿ ಹಳೇದೇ ಮೇಲು. ಭೈರವದಿಂದ ಮಧುವಂತಿವರೆಗೆ ಐದು ರಾಗ ಎದ್ದೇಳದೆ ಕೇಳಬಹುದು. ಹೊಸದರಲ್ಲಿ ಮನಸ್ಸು ಒಳಗಿಳಿಯುವಷ್ಟರಲ್ಲಿ ಪ್ಲೇಟ್ ತಿರುಗಿಸಬೇಕು. ಬೆಳಿಗ್ಗೆ ಕೂತು ಕೇಳುವಾಗ ಇದು ನಿಜಕ್ಕೂ ಕಾಡಿತು.

ಆದರೂ ಕೊಳ್ಳುವವರಿಗೆ ನಾನು ಹೇಳುವುದು ಮರುಮುದ್ರಣವನ್ನೇ. ಫೋನೇ ಗತಿ ಅಂದರೆ ದೊಡ್ಡ ಹೆಡ್‌ಫೋನ್ ಹಾಕಿಕೊಳ್ಳಿ, ಮಾಲ್ಕೌಂಸ್‌ನಿಂದ ಶುರು ಮಾಡಿ.